ಇಪ್ಪತ್ತೆರಡು ನಿಮಿಷದ ಚೀಟಿ

ಹೈದರಾಬಾದ್
8 ಜೂನ್ 2024

ಆಂಜನಮ್ಮನವರಿಗೆ,

ಆರು ತಿಂಗಳ ಕೆಲಸಕ್ಕೆ ಬೆಂಗಳೂರಿನಿಂದ ಇಲ್ಲಿಗೆ ಬಂದು ವಾರವಾಯಿತು. ನೀವು ಫೋನಿನಲ್ಲಿ ಕನ್ನಡ ಒತ್ತುವುದಿಲ್ಲ, ಕರೆ ಮಾಡಿದರೆ ಎರಡು ಮಾತಿಗೇ "ಸರಿ, ಇಡ್ಲಾ" ಅನ್ನುತ್ತೀರಿ. ಅದಕ್ಕೇ ಇಲ್ಲಿಯ ಅಂಚೆ ಕಚೇರಿ ಹುಡುಕಿ ಒಂದು ಕಟ್ಟು ಕವರು ತಂದಿಟ್ಟುಕೊಂಡಿದ್ದೇನೆ. ಕೌಂಟರಿನಾಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

ಇಲ್ಲಿಯ ಲ್ಯಾಬು ದೊಡ್ಡದು, ಎಸಿ ಜೋರು, ಮಾತು ಕಡಿಮೆ. ಜೀವಕೋಶ ಬೆಳೆಸುವ ಕೋಣೆಯಲ್ಲಿ ಯಾರೂ ಹಾಡು ಗುನುಗುವುದಿಲ್ಲ. ಮೊನ್ನೆ ನಾನು ಗುನುಗಿದೆ, ಮೂವರು ತಿರುಗಿ ನೋಡಿದರು. ಅಭ್ಯಾಸ ಅಂಟಿಸಿದವರು ನೀವು, ನೋಡಿಸಿಕೊಳ್ಳುವವಳು ನಾನು.

ಈಗ ಕೆಲಸದ ವಿಷಯ. ನಮ್ಮ ಸಂಶೋಧನೆಯ ಪೇಪರ್ ಬಗ್ಗೆ ವಿಜ್ಞಾನ ಪತ್ರಿಕೆಯವರಿಂದ ಉತ್ತರ ಬಂದಿದೆ. ಮೂವರು ಪರೀಕ್ಷಕರಲ್ಲಿ ಇಬ್ಬರು ಹೊಗಳಿದ್ದಾರೆ. ಮೂರನೆಯವರು ಒಂದು ಪ್ರಯೋಗ ಮತ್ತೆ ಮಾಡಿ ತೋರಿಸಿ ಎಂದಿದ್ದಾರೆ. ನಮ್ಮ ಮೆಸೆಂಜರ್ ಆರ್‌ಎನ್‌ಎ ಜೊತೆಗೆ, ಬೇಗ ಸಾಯುತ್ತದೆಂದು ಎಲ್ಲರಿಗೂ ಗೊತ್ತಿರುವ ಇನ್ನೊಂದನ್ನು ಅದೇ ಜೀವಕೋಶದ ತಟ್ಟೆಯಲ್ಲಿ ಎಣಿಸಬೇಕಂತೆ. ಕಂಟ್ರೋಲ್ ಅನ್ನುತ್ತೇವಲ್ಲ, ಅದು. ಸೆಪ್ಟೆಂಬರ್ ಕೊನೆಯವರೆಗೆ ಗಡುವು. ಪ್ರಯೋಗ ಅಲ್ಲಿ ನಮ್ಮ ಹಳೆಯ ಲ್ಯಾಬಿನಲ್ಲೇ ಆಗಬೇಕು. ಸುದರ್ಶನ್ ಸರ್ ನಿಮಗೇ ಹೇಳುತ್ತಾರೆ, ಜೀವಕೋಶದ ಕೆಲಸಕ್ಕೆ ನಿಮ್ಮ ಕೈಯೇ ಆಗಬೇಕು ಎಂದರು. ಯಂತ್ರದಲ್ಲಿ ಎಣಿಸುವುದನ್ನು ಹೊಸ ಹುಡುಗಿ ಶ್ವೇತ ಮಾಡುತ್ತಾಳೆ.

ಇದು ನನಗೆ ಎಷ್ಟು ಮುಖ್ಯ ಎಂದು ಬರೆದುಬಿಡುತ್ತೇನೆ. ಬೆಂಗಳೂರಿನ ಒಂದು ಸಂಸ್ಥೆಯಲ್ಲಿ ಕಾಯಂ ಹುದ್ದೆ ಕರೆದಿದ್ದಾರೆ. ಮೂವತ್ತೈದರೊಳಗಿನವರಿಗೆ ಮಾತ್ರ. ಡಿಸೆಂಬರ್‌ಗೆ ನನಗೆ ಮೂವತ್ತೈದು ತುಂಬುತ್ತದೆ. ಆರು ವರ್ಷದ ದುಡಿಮೆಯಲ್ಲಿ ತೋರಿಸಲು ನನ್ನ ಹತ್ತಿರ ಇರುವುದು ಇದೊಂದೇ ಪೇಪರ್. ಅಕ್ಟೋಬರ್ ಸಂದರ್ಶನದ ಹೊತ್ತಿಗೆ ಅದು ಒಪ್ಪಿಗೆಯಾಗಿರಬೇಕು, ಅಷ್ಟೇ.

ನಿಮ್ಮ
ಪ್ರಿಯಂವದಾ


ಜೋಗುಪಾಳ್ಯ
20 ಜೂನ್ 2024

ಪ್ರಿಯಾ,

ನಿನ್ನ ಕಾಗದ ಸೋಮವಾರ ಬಂತು. ನಮ್ಮ ಮನೆಗೆ ಕವರಿನಲ್ಲಿ ಬರುವುದೆಲ್ಲ ಜಮೀನಿನ ಕೋರ್ಟು ನೋಟೀಸು. ಅದಕ್ಕೆ ಯಜಮಾನರು ಅದನ್ನು ಎರಡು ದಿನ ದೇವರ ಮನೆಯಲ್ಲಿಟ್ಟು, ಆಮೇಲೆ ನನಗೆ ಕೊಟ್ಟರು. ಇಂದಿರಾನಗರ ಆಗುವ ಮುಂಚೆ ಅಲ್ಲಿ ಸೊಪ್ಪು ಬೆಳೆಯುತ್ತಿದ್ದ ವಂಶ ನಮ್ಮದು. ಕಾಗದ ಎಂದರೆ ಈಗಲೂ ದೇವರಿಗೆ ತೋರಿಸದೆ ಒಡೆಯುವುದಿಲ್ಲ.

ಸರ್ ನಿನ್ನೆ ಎಲ್ಲರನ್ನೂ ಕೂರಿಸಿ ಕೆಲಸ ಹಂಚಿದರು. ಶ್ವೇತ ಒಳ್ಳೆಯ ಹುಡುಗಿ, ಆದರೆ ಪುಸ್ತಕದಲ್ಲಿ ಇರುವುದು ತಟ್ಟೆಯಲ್ಲಿ ಕಾಣದಿದ್ದರೆ ಗಾಬರಿಯಾಗುತ್ತಾಳೆ. ಅವಳಿಗೆ ನೀನು ನನಗೆ ಹೇಳಿಕೊಟ್ಟ ಮದುವೆ ಮನೆ ಕಥೆ ಹೇಳಿದೆ. ಜೀವಕೋಶದೊಳಗೆ ಒಂದು ಉಗ್ರಾಣ. ಅಲ್ಲಿಂದ ಅಡುಗೆಯವರಿಗೆ ಚೀಟಿ ಹೋಗುತ್ತದೆ, ಇದನ್ನು ಇಷ್ಟು ಮಾಡಿ ಎಂದು. ಆ ಚೀಟಿಯೇ ಮೆಸೆಂಜರ್ ಆರ್‌ಎನ್‌ಎ. ಚೀಟಿ ಇರುವಷ್ಟು ಹೊತ್ತು ಅವರು ಮಾಡುತ್ತಲೇ ಇರುತ್ತಾರೆ, ಹಾಗಾಗಿ ಕೆಲಸವಾದ ಮೇಲೆ ಅದನ್ನು ಹರಿದು ಹಾಕಬೇಕು. ಹರಿಯದಿದ್ದರೆ ಬೀಗರು ಹೋದ ಮೇಲೂ ಲಾಡು ಕಟ್ಟುತ್ತಿರುತ್ತಾರೆ. ಯಾವ ಚೀಟಿ ಎಷ್ಟು ಹೊತ್ತು ಬಾಳುತ್ತದೆ ಎಂದು ತಿಳಿಯಬೇಕಾದರೆ ಮೊದಲು ಉಗ್ರಾಣದವನ ಕೈ ಕಟ್ಟಬೇಕು. ಹೊಸ ಚೀಟಿ ಬರೆಯುವುದು ನಿಂತರೆ ಹಳೆಯವು ಎಷ್ಟು ಉಳಿದಿವೆ ಎಂದು ಹೊತ್ತು ಹೊತ್ತಿಗೆ ಎಣಿಸಬಹುದು. ಕೈ ಕಟ್ಟಲಿಕ್ಕೆ ನಮ್ಮ ಕೇಸರಿ ಬಣ್ಣದ ಮದ್ದು.

ಶ್ವೇತ ಕೇಳಿದಳು, ಹಾಗಾದರೆ ಪ್ರಿಯಂವದಾ ಅಕ್ಕ ಏನು ಕಂಡುಹಿಡಿದರು ಎಂದು. ಇಂಥ ಬೇರೆ ಚೀಟಿಗಳು ಇಪ್ಪತ್ತು ಮೂವತ್ತು ನಿಮಿಷಕ್ಕೆ ಅರ್ಧ ಹರಿದುಹೋದರೆ, ಕಾವು ಕೊಟ್ಟ ಜೀವಕೋಶದಲ್ಲಿ ಅಕ್ಕನ ಚೀಟಿ ಆರು ಗಂಟೆ ನಿಲ್ಲುತ್ತದೆ ಎಂದೆ. ಹೇಳುವಾಗ ನನಗೇ ಜಂಬವಾಯಿತು. ತಟ್ಟೆ ಹಿಡಿದವಳು ನಾನಲ್ಲವೇ.

ಕೇಸರಿ ಮದ್ದಿನ ಹೊಸ ಸೀಸೆ ತರಿಸಿದ್ದಾರೆ. ಮುಂದಿನ ವಾರ ಶುರು. ನೀನು ಊಟ ಬಿಡಬೇಡ. ಅಲ್ಲಿಯ ಉಪ್ಪಿನಕಾಯಿ ಖಾರ ಎಂದು ಕೇಳಿದ್ದೇನೆ.

ಆಂಜನಮ್ಮ


ಹೈದರಾಬಾದ್
11 ಜುಲೈ 2024

ಆಂಜನಮ್ಮನವರಿಗೆ,

ಮೂರು ವಾರವಾಯಿತು, ಸುದ್ದಿಯಿಲ್ಲ. ಸರ್‌ಗೆ ಫೋನ್ ಮಾಡಿದರೆ "ಆಂಜನಮ್ಮ ಮಾಡ್ತಾ ಇದಾರೆ ಕಣ್ರೀ" ಅಂದು ಇಟ್ಟುಬಿಡುತ್ತಾರೆ. ಶ್ವೇತಳಿಗೆ ಮೆಸೇಜು ಹಾಕಿದೆ. ತನಗೆ ನಂಬರ್ ಬರೆದ ಟ್ಯೂಬು ಮಾತ್ರ ಸಿಗುತ್ತವೆ, ಎಣಿಸಿ ಹಾಳೆಯನ್ನು ನಿಮಗೇ ಕೊಡುತ್ತೇನೆ, ಯಾವುದು ಏನೆಂದು ಗೊತ್ತಿಲ್ಲ ಎಂದಳು. ಅದು ನನಗೆ ಅಷ್ಟು ಹಿಡಿಸಲಿಲ್ಲ.

ನಿಜ ಹೇಳಲಾ? ಆ ಹುಡುಗಿಯ ಕೈಯ ಬಗ್ಗೆ ನನಗೆ ಅನುಮಾನ. ಆರ್‌ಎನ್‌ಎ ಎಂದರೆ ಕೈಬೆವರು ತಾಗಿದರೂ ಪುಡಿಯಾಗುವ ವಸ್ತು. ಗ್ಲೌಸು ಹಾಕಿಕೊಂಡೇ ಮೂಗು ತುರಿಸಿಕೊಳ್ಳುವವರನ್ನು ನಾನು ನೋಡಿದ್ದೇನೆ. ಅವಳು ಹಾಳು ಮಾಡಿ ನೀವು ಮುಚ್ಚಿಕೊಳ್ಳುತ್ತಿದ್ದರೆ ದಯವಿಟ್ಟು ಬೇಡ. ಇದು ಅವಳಿಗೆ ಕಲಿಕೆ, ನನಗೆ ಬದುಕು.

ಒಂದು ಸಾಲು ಬರೆಯಿರಿ. ಆರು ಗಂಟೆ ಬಂತೋ ಇಲ್ಲವೋ, ಅಷ್ಟೇ.

ಪ್ರಿಯಂವದಾ


ಜೋಗುಪಾಳ್ಯ
3 ಆಗಸ್ಟ್ 2024

ಪ್ರಿಯಾ,

ಕಾಗದ ತಡವಾಯಿತು. ನಮ್ಮ ಬೀದಿಯ ಮೋರಿ ಅಗೆದು ಹದಿನೈದು ದಿನವಾಯಿತು, ಮುಚ್ಚುವವರಿಲ್ಲ. ಮನೆ ಮುಂದೆ ಹಲಗೆ ಹಾಕಿಕೊಂಡು ಓಡಾಡುತ್ತಿದ್ದೇವೆ. ಪಕ್ಕದ ಮನೆಯ ತಮಿಳಿನ ಅಮ್ಮ ಕಾಲು ಜಾರಿ ಬಿದ್ದರು, ಅವರನ್ನು ಕರೆದುಕೊಂಡು ಶಿವಾಜಿನಗರದ ಆಸ್ಪತ್ರೆಗೆ ಎರಡು ಸಲ ಹೋಗಿಬಂದೆ. ಜನವರಿ ಮೂವತ್ತೊಂದಕ್ಕೆ ನನ್ನ ನಿವೃತ್ತಿ, ಆ ಅರ್ಜಿಗಳಿಗೂ ಓಡಾಟ. ಗಾಜು ತೊಳೆಯಲು ಸೇರಿದವಳು ಟೆಕ್ನಿಷಿಯನ್ ಆಗಿ ಹೋಗುತ್ತಿದ್ದೇನೆ, ಆಫೀಸಿನ ಕಾಗದದಲ್ಲಿ ಇನ್ನೂ ಗಾಜು ತೊಳೆಯುವವಳೇ.

ಶ್ವೇತಳ ಮೇಲೆ ಕೋಪ ಬೇಡ. ಅವಳ ಕೈ ಚೊಕ್ಕ, ನಿನ್ನ ಮೊದಲ ವರ್ಷದ ಕೈಗಿಂತ ಎಷ್ಟೋ ವಾಸಿ. ನೀನು ಒಂದೇ ವಾರ ಮೂರು ಸಲ ಬೂಷ್ಟು ಹಿಡಿಸಿದ್ದು ಮರೆತೆಯಾ?

ಪ್ರಯೋಗ ತಡವಾಗುತ್ತಿದೆ. ಇನ್‌ಕ್ಯುಬೇಟರ್ ಕೈಕೊಟ್ಟಿತ್ತು, ಮೊದಲ ಸಲದ ಜೀವಕೋಶ ಸರಿಯಾಗಿ ಬೆಳೆಯಲಿಲ್ಲ. ಮಾಡುತ್ತಿದ್ದೇನೆ.

ಒಂದು ಕೇಳಬೇಕಿತ್ತು. ಕೇಸರಿ ಮದ್ದಿನ ಟ್ಯೂಬಿಗೆ ಬೆಳ್ಳಿ ಕಾಗದ ಸುತ್ತಿಡುತ್ತೇವಲ್ಲ, ಅದು ಏತಕ್ಕೆ? ಬಣ್ಣ ಸೋರಿ ಪಕ್ಕದ ಟ್ಯೂಬಿಗೆ ಅಂಟದಿರಲಿ ಎಂದೇ ಅಲ್ಲವೇ? ಸುಮ್ಮನೆ ನೆನಪಾಯಿತು, ಕೇಳಿದೆ.

ಆಂಜನಮ್ಮ


ಹೈದರಾಬಾದ್
14 ಆಗಸ್ಟ್ 2024

ಆಂಜನಮ್ಮ,

ಸಂದರ್ಶನಕ್ಕೆ ಕರೆ ಬಂತು. ಅಕ್ಟೋಬರ್ ಹದಿನೆಂಟು, ಶುಕ್ರವಾರ. ಆರು ಮಂದಿಯನ್ನು ಕರೆದಿದ್ದಾರೆ, ಹುದ್ದೆ ಒಂದು. ನಾನು ಇಲ್ಲಿಯ ಕ್ಯಾಂಟೀನಿನಲ್ಲಿ ಎಲ್ಲರಿಗೂ ಚಹಾ ಕುಡಿಸಿದೆ. ಅಮ್ಮ ಜೀವನ್‌ಬಿಮಾ ನಗರದ ಮನೆಯಲ್ಲಿ ನನ್ನ ಹಳೆಯ ಕೋಣೆಯಿಂದ ಹೊಲಿಗೆ ಯಂತ್ರ ಹೊರಗಿಡಿಸಿದ್ದಾಳೆ, ಹುದ್ದೆ ಸಿಕ್ಕೇಬಿಟ್ಟಂತೆ. ಕೂಸು ಹುಟ್ಟುವ ಮುಂಚೆ ಕುಲಾವಿ ಎಂದು ನಗಬೇಡಿ.

ಬೆಳ್ಳಿ ಕಾಗದ ಬಣ್ಣಕ್ಕಲ್ಲ, ಬೆಳಕಿಗೆ. ಕೇಸರಿ ಮದ್ದಿಗೆ ಬೆಳಕು ಆಗದು. ಕರಗಿಸಿಟ್ಟದ್ದನ್ನು ಒಂದರ್ಧ ದಿನ ಬಿಸಿಲಿಗಿಟ್ಟರೆ ಮುಗಿಯಿತು, ಬಣ್ಣ ಹಾಗೇ ಕಾಣಬಹುದು, ಶಕ್ತಿ ಇರುವುದಿಲ್ಲ. ಒಂಬತ್ತು ವರ್ಷ ಸುತ್ತಿದ ಮೇಲೆ ಈಗ ಕೇಳುತ್ತೀರಲ್ಲ, ನಿವೃತ್ತಿಯಾದ ಮೇಲೆ ಪಿಎಚ್‌ಡಿ ಮಾಡುವ ಯೋಚನೆಯೋ?

ಇನ್‌ಕ್ಯುಬೇಟರ್ ಸರಿಯಾಯಿತಾ? ಇನ್ನು ಆರು ವಾರ ಮಾತ್ರ ಇದೆ.

ಖುಷಿಯಲ್ಲಿರುವ
ಪ್ರಿಯಂವದಾ


ಹೈದರಾಬಾದ್
9 ಸೆಪ್ಟೆಂಬರ್ 2024

ಆಂಜನಮ್ಮನವರಿಗೆ,

ಉತ್ತರ ಬರಲಿಲ್ಲ. ಗಣೇಶನ ಹಬ್ಬವೂ ಮುಗಿಯಿತು. ಸರ್ ನಿನ್ನೆ ಹೇಳಿದರು, ನಿಮಗೆ ಇನ್ನೂ ಸಮಾಧಾನವಿಲ್ಲವಂತೆ, ಮತ್ತೆ ಮಾಡಬೇಕು ಎಂದಿರಂತೆ. ಇನ್‌ಕ್ಯುಬೇಟರ್ ಜೂನ್‌ನಿಂದ ಒಂದು ದಿನವೂ ಕೆಟ್ಟಿಲ್ಲ ಎಂದೂ ಅವರ ಬಾಯಿಂದಲೇ ಬಂತು.

ನೀವು ನನಗೆ ಸುಳ್ಳು ಬರೆದಿರಿ. ಏಕೆಂದು ರಾತ್ರಿಯಿಡೀ ಯೋಚಿಸಿದೆ. ನನಗೆ ಹೊಳೆದದ್ದು ಒಂದೇ. ಪೇಪರಿನಲ್ಲಿ ಲೇಖಕರ ಪಟ್ಟಿಯಲ್ಲಿ ನಿಮ್ಮ ಹೆಸರಿಲ್ಲ. ಕೊನೆಯಲ್ಲಿ ಕೃತಜ್ಞತೆಯ ಸಾಲಿನಲ್ಲಿ ಹಾಕಿದ್ದೇನೆ, ಅದೂ ಎಲೆಕ್ಟ್ರಿಷಿಯನ್ ಕೆಂಪರಾಜ್ ಹೆಸರಿನ ಪಕ್ಕ. ಅದು ನಿಮಗೆ ಚುಚ್ಚಿರಬೇಕು. ಚುಚ್ಚಿದ್ದರೆ ಬಾಯಿಬಿಟ್ಟು ಹೇಳಬಹುದಿತ್ತು. ಹೀಗೆ ನನ್ನ ಗಡುವು ತಿನ್ನುವುದು ನಿಮ್ಮಂಥವರು ಮಾಡುವ ಕೆಲಸವಲ್ಲ.

ಹೆಸರು ಸೇರಿಸಲು ಸರ್ ಹತ್ತಿರ ಇವತ್ತೇ ಮಾತಾಡುತ್ತೇನೆ. ಫಲಿತಾಂಶ ಕೊಡಿ.

ಪ್ರಿಯಂವದಾ


ಜೋಗುಪಾಳ್ಯ
19 ಸೆಪ್ಟೆಂಬರ್ 2024

ಪ್ರಿಯಾ,

ಹೆಸರಿನ ಮಾತು ಬಿಡು. ಕೆಂಪರಾಜ್ ಪಕ್ಕ ಕೂರುವುದಕ್ಕೆ ನನಗೇನೂ ಬೇಸರವಿಲ್ಲ, ಅವನು ಒಳ್ಳೆಯ ಮನುಷ್ಯ. ಈ ಕಾಗದವನ್ನು ಕೂತು ಓದು.

ಹೊಸ ಸೀಸೆಯ ಮದ್ದಿನಲ್ಲಿ ಜೂನ್ ಇಪ್ಪತ್ತೇಳಕ್ಕೆ ಮೊದಲ ಸಲ ಮಾಡಿದೆ. ನಿನ್ನ ಚೀಟಿ ಇಪ್ಪತ್ತೆರಡು ನಿಮಿಷಕ್ಕೆ ಅರ್ಧವಾಯಿತು. ನನ್ನ ಕೈ ತಪ್ಪಿರಬೇಕು ಎಂದುಕೊಂಡೆ. ಜುಲೈ ಐದಕ್ಕೆ ಮತ್ತೆ ಮಾಡಿದೆ, ಇಪ್ಪತ್ತೊಂದು. ಹನ್ನೆರಡಕ್ಕೆ ಮತ್ತೆ, ಇಪ್ಪತ್ತೆರಡು. ಕಂಟ್ರೋಲ್ ಚೀಟಿ ಪುಸ್ತಕದಲ್ಲಿರುವ ಹಾಗೆಯೇ ಅರ್ಧ ಗಂಟೆಯೊಳಗೆ ಹೋಯಿತು. ಶ್ವೇತ ಎಣಿಸಿದ್ದರಲ್ಲಿ ಒಂದು ಕೂದಲಿನಷ್ಟೂ ತಪ್ಪಿಲ್ಲ.

ಆಮೇಲೆ ಫ್ರೀಜರಿನ ಹಿಂದುಗಡೆ ಹುಡುಕಿದೆ. ನೀನು ಬಳಸುತ್ತಿದ್ದ ಹಳೆಯ ಪೆಟ್ಟಿಗೆಯಲ್ಲಿ ಇನ್ನೂ ಎರಡು ಟ್ಯೂಬಿದ್ದವು. ಜುಲೈ ಹತ್ತೊಂಬತ್ತಕ್ಕೆ ಅದರಲ್ಲಿ ಮಾಡಿದೆ. ನಿನ್ನ ಚೀಟಿ ಆರು ಗಂಟೆ ನಿಂತಿತು. ಕಂಟ್ರೋಲ್ ಚೀಟಿಯೂ ಆರು ಗಂಟೆ ನಿಂತಿತು. ಪ್ರಪಂಚಕ್ಕೆಲ್ಲ ಅರ್ಧ ಗಂಟೆಯಲ್ಲಿ ಸಾಯುವುದು ನಮ್ಮ ಲ್ಯಾಬಿನಲ್ಲಿ ಮಾತ್ರ ಚಿರಂಜೀವಿ. ಆ ಹಳೆಯ ಮದ್ದು ಉಗ್ರಾಣದವನ ಕೈ ಕಟ್ಟಿರಲೇ ಇಲ್ಲ. ಅವನು ಹೊಸ ಚೀಟಿ ಬರೆಯುತ್ತಲೇ ಇದ್ದ, ನಾವು ಹಳೆಯದು ಹರಿದಿಲ್ಲ ಎಂದುಕೊಂಡೆವು.

ಮದ್ದು ಹೇಗೆ ಸತ್ತಿತು ಎಂಬುದು ನನಗೆ ಗೊತ್ತು. 2022ರ ಆಯುಧ ಪೂಜೆ ನೆನಪು ಮಾಡಿಕೊ. ಹಿಂದಿನ ದಿನ ನಾನು ರಸೆಲ್ ಮಾರ್ಕೆಟ್ಟಿನಿಂದ ಸೇವಂತಿಗೆ, ಬೂದುಗುಂಬಳ ತಂದೆ. ವರ್ಷಕ್ಕೊಂದು ಸಲ ಪೂಜೆಯ ದಿನವೇ ಫ್ರೀಜರಿನ ಮಂಜು ಕರಗಿಸಿ ಒರೆಸುವುದು. ಪೆಟ್ಟಿಗೆಗಳನ್ನೆಲ್ಲ ಐಸಿನ ಮೇಲೆ ಹೊರಗಿಟ್ಟೆ. ಕೇಸರಿ ಮದ್ದಿನ ಟ್ಯೂಬುಗಳ ಬೆಳ್ಳಿ ಕಾಗದ ಹರಿದು ಚಿಂದಿಯಾಗಿತ್ತು, ನೋಡಲು ಅಸಹ್ಯವಾಗಿತ್ತು. ಹಬ್ಬದ ದಿನ ಎಲ್ಲ ಥಳಥಳ ಹೊಳೆಯಲಿ ಎಂದು ಬಿಚ್ಚಿ ಎಸೆದೆ. ಒಂದೊಂದನ್ನೂ ಒರೆಸಿ, ಹೊಸ ಲೇಬಲ್ ಅಂಟಿಸಿ, ನನ್ನ ಕೈಬರಹದಲ್ಲಿ ಹೆಸರು ಬರೆದು ಕಿಟಕಿ ಪಕ್ಕದ ಮೇಜಿನ ಮೇಲೆ ಸಾಲಾಗಿ ಇಟ್ಟೆ. ಆಮೇಲೆ ಮೈಕ್ರೋಸ್ಕೋಪಿಗೆ ಕುಂಕುಮ, ಸೆಂಟ್ರಿಫ್ಯೂಜಿಗೆ ಹಾರ, ಸರ್ ಮಂಗಳಾರತಿ, ಎಲ್ಲರಿಗೂ ಕಡಲೆಪುರಿ. ಸಂಜೆ ನಾಲ್ಕಕ್ಕೆ ಹೊಸ ಬೆಳ್ಳಿ ಕಾಗದ ಸುತ್ತಿ ಒಳಗಿಟ್ಟೆ. ಬೆಳಿಗ್ಗೆ ಹತ್ತರಿಂದ ನಾಲ್ಕರವರೆಗೆ ಅವು ಬಿಸಿಲಲ್ಲಿದ್ದವು. ನಿನ್ನ ಮೊದಲ ಆರು ಗಂಟೆಯ ಫಲಿತಾಂಶ ಬಂದದ್ದು ಆ ತಿಂಗಳ ಕೊನೆಯಲ್ಲಿ. ನೋಟ್‌ಬುಕ್ ನೋಡಿದೆ.

ಬೆಳಕು ಆಗದು ಎಂದು ನಿನ್ನ ಕಾಗದ ಓದಿದ ದಿನವೇ ಇದೆಲ್ಲ ನನಗೆ ಹೊಳೆಯಿತು, ಆದರೂ ಬರೆಯಲಿಲ್ಲ. ಕಾಗದದ ತುಂಬ ನಿನ್ನ ಸಂದರ್ಶನದ ಖುಷಿ ಬೇರೆ. ಹೋದ ವಾರ ಮೀಟಿಂಗಿನಲ್ಲಿ ಸರ್ ಬೇರೆ ಯಾವುದೋ ಮಾತಿಗೆ ಮದ್ದು ಹಳತಾಗಿತ್ತೋ ಏನೋ ಎಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ ನಾನು ಎದ್ದು ಹೊರಗೆ ಹೋದೆ.

ಹಳೆಯ ಟ್ಯೂಬಿನ ಹಾಳೆಯನ್ನು ನಿನಗೆ ಕಳಿಸಿಬಿಡೋಣ ಎಂದು ಎರಡು ಸಲ ಕವರಿಗೆ ಹಾಕಿದೆ. ಎರಡು ಸಲವೂ ತೆಗೆದೆ. ನೀನು ಆಡಬೇಕಾದ್ದು ಆಡು.

ಆಂಜನಮ್ಮ


ಹೈದರಾಬಾದ್
26 ಸೆಪ್ಟೆಂಬರ್ 2024

ಆಂಜನಮ್ಮನವರಿಗೆ,

ಪತ್ರ ತಲುಪಿತು. ಎಲ್ಲ ಹಾಳೆಗಳನ್ನೂ ನನಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ಹಳೆಯ ಟ್ಯೂಬಿನದೂ ಸೇರಿಸಿ. ಗಡುವನ್ನು ಹದಿನೈದು ದಿನ ಮುಂದಕ್ಕೆ ಕೇಳಿಕೊಂಡಿದ್ದೇನೆ. ಸರ್‌ಗೆ ಸದ್ಯಕ್ಕೆ ಏನೂ ಹೇಳಬೇಡಿ.

ಪ್ರಿಯಂವದಾ


ಜೋಗುಪಾಳ್ಯ
3 ಅಕ್ಟೋಬರ್ 2024

ಪ್ರಿಯಾ,

ಹೊಸ ಸೀಸೆಯ ಮೂರು ಹಾಳೆ ಇದರೊಳಗಿವೆ. ಎಣಿಸಿಕೊ.

ಹಳೆಯ ಟ್ಯೂಬಿನದು ಕಳಿಸಿಲ್ಲ. ಅದನ್ನು ಲ್ಯಾಬಿನ ನೋಟ್‌ಬುಕ್ಕಿಗೆ ಅಂಟಿಸಿದ್ದೇನೆ. ಯಾವ ಟ್ಯೂಬು, ಯಾವ ದಿನ ಮಾಡಿದ್ದು, ಅದನ್ನು ಬಿಸಿಲಿಗಿಟ್ಟವರು ಯಾರು ಎಂದು ಪಕ್ಕದಲ್ಲಿ ಕನ್ನಡದಲ್ಲಿ ಬರೆದು ಸಹಿ ಹಾಕಿದ್ದೇನೆ. ಉಳಿದ ಒಂದು ಟ್ಯೂಬಿಗೂ ಬಳಸಬೇಡಿ ಎಂದು ಕೆಂಪು ಶಾಯಿಯಲ್ಲಿ ಬರೆದಿಟ್ಟಿದ್ದೇನೆ. ನಮ್ಮ ನೋಟ್‌ಬುಕ್ಕನ್ನು ಯಾರೂ ತೆರೆದು ನೋಡುವುದಿಲ್ಲ ಎಂದು ನಿನಗೂ ಗೊತ್ತು, ನನಗೂ ಗೊತ್ತು. ಆದರೂ ಬರೆದೆ.

ನೀನು ಹೇಳಿದ ಹಾಗೆ ಸರ್‌ಗೆ ಹೇಳಿಲ್ಲ. ಪೇಪರ್ ನಿನ್ನದು, ಹೇಳುವುದು ನಿನ್ನ ಕೆಲಸ. ಅವರಾಗಿ ಕೇಳಿದರೆ ಮಾತ್ರ ಇನ್ನೊಂದು ಸುಳ್ಳು ನನ್ನ ಬಾಯಲ್ಲಿ ಬರುವುದಿಲ್ಲ. ಇನ್‌ಕ್ಯುಬೇಟರಿನದೇ ಸಾಕಾಗಿದೆ.

ಹಾಳೆ ಸಿಕ್ಕ ಮೇಲೆ ಒಂದು ಸಾಲು ಹಾಕು.

ಆಂಜನಮ್ಮ


ಹೈದರಾಬಾದ್
14 ಅಕ್ಟೋಬರ್ 2024

ಆಂಜನಮ್ಮ,

ಪೇಪರ್ ವಾಪಸು ತೆಗೆದುಕೊಂಡೆ. ಏಳನೇ ತಾರೀಖು ಸರ್‌ಗೆ ಫೋನ್ ಮಾಡಿದೆ, ಎಂಟಕ್ಕೆ ಪತ್ರಿಕೆಗೆ ಬರೆದೆವು. ನಿಮಗೆ ಬರೆಯಲು ವಾರ ಹಿಡಿಯಿತು. ನನ್ನ ಪಾಲಿನದನ್ನೂ ಬರೆಯಬೇಕಿತ್ತು, ಅದಕ್ಕೆ.

ನಿಮ್ಮ ಕಿಟಕಿಯ ಬಿಸಿಲೊಂದೇ ಎಲ್ಲವನ್ನೂ ಕೆಡಿಸಲಿಲ್ಲ. ಆ ತಪ್ಪು ಒಂದೇ ವಾರದಲ್ಲಿ ಸಿಕ್ಕಿಬೀಳಬೇಕಿತ್ತು. ಕಂಟ್ರೋಲ್ ಪ್ರತಿ ಸಲ ಮಾಡಬೇಕು, ಅದು ಮೊದಲ ಪಾಠ. ನಾನು ಒಂದೇ ಸಲ ಮಾಡಿದ್ದೆ, ಹಬ್ಬಕ್ಕೆ ಎರಡು ವಾರ ಮುಂಚೆ. ಚೆನ್ನಾಗಿ ಬಂದಿತ್ತು. ಆಮೇಲೆ ಸರ್ ಕೇಳಿದಾಗೆಲ್ಲ ಮಾಡಿದ್ದೇನೆ ಎಂದೆ. ಮಾಡಿದ್ದೆನಲ್ಲ, ಸುಳ್ಳೇನಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಫೋನಿನಲ್ಲಿ ಸರ್ "ಪ್ರತಿ ಸಲ ಮಾಡಿದ್ರಾ ಅಂತ ನಾನೂ ಕೇಳ್ಲಿಲ್ಲ" ಎಂದರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಇನ್ನೊಂದಿದೆ. 2022ರ ನವೆಂಬರ್‌ನಲ್ಲಿ ಕೇಸರಿ ಮದ್ದು ಹಾಕಿದ ಒಂದು ತಟ್ಟೆಯನ್ನು ಎಸೆಯಲು ಮರೆತು ಶನಿವಾರ ಮನೆಗೆ ಹೋದೆ. ಸೋಮವಾರ ಬಂದು ನೋಡಿದರೆ ಜೀವಕೋಶಗಳು ಸೊಂಪಾಗಿ ಬದುಕಿದ್ದವು. ಕೇಸರಿ ಮದ್ದಿನಲ್ಲಿ ಅವು ಒಂದೆರಡು ದಿನಕ್ಕೇ ಸಾಯಬೇಕು. ಮದ್ದೇ ಕೆಟ್ಟಿದೆಯೋ ಎಂದು ಒಂದು ಕ್ಷಣ ಅನ್ನಿಸಿತು. ಆಮೇಲೆ ನನ್ನ ಚೀಟಿ ಅಷ್ಟು ಹೊತ್ತು ಬಾಳುವುದರಿಂದಲೇ ಇವು ಬದುಕಿವೆ ಎಂದು ಹೊಸ ಸಿದ್ಧಾಂತ ಕಟ್ಟಿದೆ. ಅದು ಪೇಪರಿನಲ್ಲಿ ಐದನೇ ಚಿತ್ರವಾಯಿತು. ಇಬ್ಬರು ಪರೀಕ್ಷಕರು ಹೊಗಳಿದ್ದು ಆ ಚಿತ್ರವನ್ನೇ.

ಒಂಬತ್ತು ವರ್ಷದಲ್ಲಿ ಆ ಟ್ಯೂಬಿಗೆ ಕಾಗದ ಸುತ್ತಿ ಎಂದು ನಿಮಗೆ ನೂರು ಸಲ ಹೇಳಿರುತ್ತೇವೆ. ಏಕೆಂದು ಒಬ್ಬರೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಉಗ್ರಾಣದ ಕಥೆ ಮಾತ್ರ ರಸವತ್ತಾಗಿ ಹೇಳಿದೆ.

ಶುಕ್ರವಾರ ಸಂದರ್ಶನಕ್ಕೆ ಬರುತ್ತೇನೆ. ಪೇಪರ್ ಇಲ್ಲ, ಹೋಗುವುದೇಕೆ ಎಂದು ಅಮ್ಮ ಕೇಳಿದಳು. ಕರೆದಿದ್ದಾರೆ, ಹೋಗಿ ಇದ್ದದ್ದು ಹೇಳಿಬರುತ್ತೇನೆ ಎಂದೆ. ಈ ಸಲ ಜೋಗುಪಾಳ್ಯಕ್ಕೆ ಬರಲಾರೆ. ನಿಮ್ಮ ಮುಖ ನೋಡಿದರೆ ಅಳು ಬರುತ್ತದೆ, ಅತ್ತು ಸಂದರ್ಶನಕ್ಕೆ ಹೋಗುವ ಹಾಗಿಲ್ಲ.

ಪ್ರಿಯಂವದಾ


ಜೋಗುಪಾಳ್ಯ
9 ನವೆಂಬರ್ 2024

ಪ್ರಿಯಾ,

ಹುದ್ದೆ ಬೇರೆಯವರಿಗೆ ಆಯಿತು ಎಂದು ಶ್ವೇತ ಹೇಳಿದಳು. ನೀನು ಬರೆಯುತ್ತೀಯ ಎಂದು ಎರಡು ವಾರ ಕಾದೆ. ಬರಲಿಲ್ಲ, ನಾನೇ ಬರೆಯುತ್ತಿದ್ದೇನೆ.

ಸಂದರ್ಶನದಲ್ಲಿ ಏನಾಯಿತೆಂದು ಸರ್ ಹೇಳಿದರು, ಅವರ ಸ್ನೇಹಿತರೊಬ್ಬರು ಒಳಗೆ ಕೂತಿದ್ದರಂತೆ. ಪೇಪರ್ ವಾಪಸು ಏಕೆ ತೆಗೆದಿರಿ ಎಂದು ಕೇಳಿದಾಗ ನೀನು ಬೋರ್ಡಿನ ಮೇಲೆ ಎರಡು ಗೆರೆ ಎಳೆದು, ಹದಿನೈದು ನಿಮಿಷ ನಿನ್ನ ತಪ್ಪನ್ನೇ ಪಾಠ ಮಾಡಿದೆಯಂತೆ. ಎಲ್ಲರಿಗೂ ಮೆಚ್ಚಿಗೆಯಾಯಿತಂತೆ. ಮೆಚ್ಚಿಕೊಂಡು, ನಾಲ್ಕು ಪೇಪರ್ ಇದ್ದವನನ್ನು ತೆಗೆದುಕೊಂಡರು.

ನೀನು ಹಿಂದಿನ ಕಾಗದದಲ್ಲಿ ಬಿಸಿಲಿನ ತಪ್ಪನ್ನು ನನ್ನ ತಲೆಯಿಂದ ಇಳಿಸಿದೆ. ಸರಿ, ಅದನ್ನು ನಾನೂ ಇಳಿಸಿಕೊಂಡೆ. ಗೊತ್ತಿಲ್ಲದೆ ಮಾಡಿದ್ದು. ಆದರೆ ಸುಮ್ಮನಿದ್ದದ್ದು ಗೊತ್ತಿದ್ದೇ ಮಾಡಿದ್ದು. ಜುಲೈ ಹನ್ನೆರಡಕ್ಕೆ ಮೂರನೇ ಸಲ ಇಪ್ಪತ್ತೆರಡು ಬಂದಾಗ ನಿನಗೆ ಒಂದು ಸಾಲು ಬರೆದಿದ್ದರೆ, ನಿನ್ನ ಹಳೆಯ ಕೆಲಸದಿಂದ ಬೇರೆ ಯಾವುದಾದರೂ ಚಿಕ್ಕ ಪೇಪರ್ ಮಾಡಿಕೊಳ್ಳಲು ಎರಡು ತಿಂಗಳಿರುತ್ತಿತ್ತು. ಆ ಎರಡು ತಿಂಗಳು ತಿಂದವಳು ನಾನು. ಮೋರಿ, ಆಸ್ಪತ್ರೆ, ಇನ್‌ಕ್ಯುಬೇಟರ್ ಎಂದು ಕಾಗದ ತುಂಬಿಸಿದೆ. ನೀನು ಬೈಯಬೇಕಾದ್ದು ಅದಕ್ಕೆ. ನೀನು ಅದೊಂದನ್ನು ಬಿಟ್ಟು ಎಲ್ಲಕ್ಕೂ ನಿನ್ನನ್ನೇ ಬೈದುಕೊಂಡೆ.

ಬೈದು ಬರೆ. ನನಗೆ ಹಗುರವಾಗಲಿ ಎಂದು ಕೇಳುತ್ತಿಲ್ಲ. ಬೈಯದೇ ಇಟ್ಟುಕೊಂಡದ್ದು ಕೊಳೆಯುತ್ತದೆ.

ಆಂಜನಮ್ಮ


ಹೈದರಾಬಾದ್
20 ನವೆಂಬರ್ 2024

ಆಂಜನಮ್ಮ,

ಸರ್ ನಮ್ಮ ಲ್ಯಾಬಿನಲ್ಲೇ ಒಂದು ವರ್ಷದ ಪ್ರಾಜೆಕ್ಟ್ ಕೆಲಸ ಕೊಟ್ಟಿದ್ದಾರೆ. ಶ್ವೇತಳ ಕೈಕೆಳಗಲ್ಲ, ಮೇಲೂ ಅಲ್ಲ, ಪಕ್ಕದ ಮೇಜು. ಡಿಸೆಂಬರ್ ಎರಡಕ್ಕೆ ಸೇರುತ್ತೇನೆ. ಆ ತಿಂಗಳಲ್ಲೇ ಮೂವತ್ತೈದು ತುಂಬುತ್ತದೆ. ಆಮೇಲೆ ಏನು ಎಂದು ಕೇಳಬೇಡಿ, ಗೊತ್ತಿಲ್ಲ. ನೀವು ನಿವೃತ್ತಿಯಾಗುವ ಮುಂಚೆ ಎರಡು ತಿಂಗಳು ನಿಮ್ಮ ಜೊತೆ ಸಿಗುತ್ತದೆ. ಕಾವು ಕೊಟ್ಟ ಜೀವಕೋಶದಲ್ಲಿ ಆ ಚೀಟಿಯನ್ನು ಅಷ್ಟು ಬೇಗ ಹರಿಯುವವರು ಯಾರು ಎಂದು ಹುಡುಕೋಣ. ಅದೂ ಒಂದು ಪ್ರಶ್ನೆಯೇ.

ನೀವು ಹೇಳದೆ ಕಳೆದ ಆ ಎರಡು ತಿಂಗಳಿಗೆ ನನಗೆ ಸಿಟ್ಟಿದೆ. ಇಲ್ಲವೆಂದರೆ ಸುಳ್ಳಾಗುತ್ತದೆ. ಬರೆಯಲು ಕೂತು ನಾಲ್ಕು ಹಾಳೆ ಹರಿದೆ.

ಹರಿದಾದ ಮೇಲೆ ಒಂದು ಲೆಕ್ಕ ಹಾಕಿದೆ. ನೀವು ಜುಲೈನಲ್ಲೇ ಎಲ್ಲವನ್ನೂ, ಹಳೆಯ ಟ್ಯೂಬಿನ ಹಾಳೆಯನ್ನೂ ಸೇರಿಸಿ ಕಳಿಸಿದ್ದರೆ ನಾನು ಏನು ಮಾಡುತ್ತಿದ್ದೆ? ಬೇಗ ಇಳಿಯುವ ಕಂಟ್ರೋಲಿನ ಗೆರೆಯನ್ನು ಹೊಸ ಹಾಳೆಯಿಂದ ತೆಗೆದು, ಆರು ಗಂಟೆ ನಿಂತ ನನ್ನ ಗೆರೆಯನ್ನು ಹಳೆಯ ಹಾಳೆಯಿಂದ ತೆಗೆದು, ಎರಡನ್ನೂ ಒಂದೇ ತಟ್ಟೆಯದೆಂದು ಒಂದೇ ಚಿತ್ರದಲ್ಲಿ ಹಾಕುತ್ತಿದ್ದೆ. ಅರ್ಧ ದಿನದ ಕೆಲಸ. ಯಾರಿಗೂ ತಿಳಿಯುತ್ತಿರಲಿಲ್ಲ. ಪೇಪರ್ ಒಪ್ಪಿಗೆಯಾಗುತ್ತಿತ್ತು, ಇವತ್ತು ಬೆಂಗಳೂರಿನಲ್ಲಿ ನನ್ನ ಹೆಸರಿನ ಬಾಗಿಲು ಇರುತ್ತಿತ್ತು. ಸೆಪ್ಟೆಂಬರ್ ಇಪ್ಪತ್ತಾರಕ್ಕೆ ಎಲ್ಲ ಹಾಳೆ ಕಳಿಸಿ, ಸರ್‌ಗೆ ಹೇಳಬೇಡಿ ಎಂದು ನಾನು ಬರೆದದ್ದು ಇದಕ್ಕೇ. ಆ ಚಿತ್ರಕ್ಕೆ ಜಾಗವನ್ನೂ ಬಿಟ್ಟಿಟ್ಟಿದ್ದೆ. ನಿಮ್ಮ ಕವರಿನಲ್ಲಿ ಮೂರೇ ಹಾಳೆ ಸಿಕ್ಕವು.

ಎರಡು ಸಲ ಕವರಿಗೆ ಹಾಕಿ ಎರಡು ಸಲ ತೆಗೆದೆ ಎಂದು ಬರೆದಿದ್ದಿರಿ. ನಿಮ್ಮ ತಪ್ಪು ಬಯಲಾಗುತ್ತದೆಂದು ಹೆದರಿ ತೆಗೆದಿರಿ ಎಂದೇ ನಾನು ಓದಿಕೊಂಡಿದ್ದೆ. ಆ ಹಾಳೆ ಕಳಿಸಿದ್ದರೆ ನಿಮ್ಮ ತಪ್ಪು ಯಾರಿಗೂ ಕಾಣದ ಹಾಗೆ ಮುಚ್ಚಿಹೋಗುತ್ತಿತ್ತು ಎಂದು ನನಗೆ ಹೊಳೆದದ್ದು ನಿನ್ನೆ.

ಅದು ಕೈಗೆ ಸಿಕ್ಕರೆ ನಾನು ಬಳಸಿಬಿಡುತ್ತೇನೆ ಎಂದು ನಿಮಗೆ ಗೊತ್ತಿತ್ತು, ಆಂಜನಮ್ಮ. ನನಗಿಂತ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ನನಗೆ ಕಾಗದ ಬರೆಯುತ್ತಲೇ ಇದ್ದಿರಿ.

ನಿಮ್ಮ
ಪ್ರಿಯಂವದಾ